‘ನಮ್ದು ಗಿಡ್ಡ ಮನಿತನ’

ಗೋರ್ಟಾ (ಬಿ) ಎಂದೊಡನೆ ಈ ಭಾಗದ ಹಿರಿಯರಿಗೆ 1948ರ ಮೇ ತಿಂಗಳು ನೆನಪಾಗುತ್ತದೆ. ರಜಾಕಾರರ ದಾಳಿಯಲ್ಲಿ ಪ್ರಾಣ ತೆತ್ತವರ ಸ್ಮಾರಕವೂ ದೂರದಿಂದಲೇ ಕಾಣುವ ಧ್ವಜಸ್ತಂಭವೂ ಈಗ ಅಲ್ಲಿ ನಿಂತಿವೆ. ಹೊರಗಿನಿಂದ ಬಂದವರು ಅವನ್ನು ನೋಡಿಕೊಂಡು ಬಸವಕಲ್ಯಾಣದ ಕಡೆಗೋ ಹುಮನಾಬಾದಿನ ಕಡೆಗೋ ಹೊರಟುಹೋಗುತ್ತಾರೆ. ಊರಿನ ಹೆಸರಿಗೆ ಅಂಟಿಕೊಂಡಿರುವ ‘ಬಿ’ ಎಂಬುದು ‘ಬುಜುರ್ಗ್’ ಎಂಬ ಪಾರಸಿ ಮಾತಿನ ಮೊದಲಕ್ಷರ. ಹಿರಿದು, ದೊಡ್ಡದು ಎಂದು ಅದರ ಅರ್ಥ. ನಿಜಾಮರ ಕಾಲದಿಂದ ನಮ್ಮ ಜಿಲ್ಲೆಯ ಹಲವು ಊರುಗಳಿಗೆ ಈ ‘ಬಿ’ ಮತ್ತು ‘ಕೆ’ ಅಂಟಿಕೊಂಡೇ ಬಂದಿವೆ. ಅಂಥ ‘ದೊಡ್ಡ’ ಊರಿನಲ್ಲಿ ನಾನು ಕಂಡ ಒಂದು ಚಿಕ್ಕ ಕೂಸಿನ ವಿಷಯವನ್ನು ಸದ್ಭಕ್ತರ ಮುಂದೆ ಇಡಬೇಕೆಂದು ಈ ಲೇಖನ.

ಎಳ್ಳಮಾವಾಸ್ಯೆ ಮುಗಿದ ವಾರ ಅಲ್ಲಿ ಒಂದು ಆರೋಗ್ಯ ತಪಾಸಣೆಯ ಶಿಬಿರವಿತ್ತು. ಅಂದು ಬಂದವರಲ್ಲಿ ಹೆಚ್ಚಿನವರು ರಕ್ತದೊತ್ತಡ, ಸಕ್ಕರೆ, ಮೊಣಕಾಲು ನೋವಿನವರು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಅಜ್ಜಿ ತನ್ನ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಬಂದದ್ದು ತನ್ನ ಮಂಡಿಗೆ ಔಷಧ ಕೇಳಲು. ಕೂಸು ಸುಮ್ಮನೆ ಜೊತೆಗೆ ಬಂದಿತ್ತು. ಗುಂಡು ಗುಂಡಾದ ಕೆನ್ನೆ, ಕಣ್ಣಿಗೆ ಕಾಡಿಗೆ, ಕಾಲಿಗೆ ಗೆಜ್ಜೆ. ಎರಡು ವರ್ಷ ತುಂಬಿ ಒಂದು ತಿಂಗಳಾಗಿತ್ತು. ತೂಕ ಸರಿಯಾಗಿ 10 ಕಿಲೋ ಬಂತು. ತೂಕದ ಮಟ್ಟಿಗೆ ಹೇಳುವುದಾದರೆ ಚಿಂತೆಗೆ ಕಾರಣವಿರಲಿಲ್ಲ. ಆದರೆ ಗೋಡೆಗೆ ನಿಲ್ಲಿಸಿ ಅಳೆದಾಗ ಎತ್ತರ 78.5 ಸೆಂಟಿಮೀಟರ್. ಆ ವಯಸ್ಸಿನ ಹೆಣ್ಣುಮಗುವಿನ ನಡುಮಟ್ಟದ ಎತ್ತರ ಸುಮಾರು 86 ಸೆಂ.ಮೀ.; 80ಕ್ಕಿಂತ ಕೆಳಗಿದ್ದರೆ ವೈದ್ಯಶಾಸ್ತ್ರವು ಅದನ್ನು ‘ಕುಂಠಿತ ಬೆಳವಣಿಗೆ’ ಎಂದು ಕರೆಯುತ್ತದೆ.

ನಾನು ಹೇಳಿದ್ದನ್ನು ಕೇಳಿ ಅಜ್ಜಿ ನಕ್ಕುಬಿಟ್ಟಳು. “ನಮ್ದು ಗಿಡ್ಡ ಮನಿತನ ಅದ ರೀ ಡಾಕ್ಟ್ರೇ. ನಾನೂ ಗಿಡ್ಡ, ನನ್ನ ಮಗಾನೂ ಗಿಡ್ಡ. ಕೂಸು ಎಲ್ಲಿಂದ ಉದ್ದ ಆಗ್ತದ?”

ಮೂವತ್ತು ವರ್ಷಗಳ ವೃತ್ತಿಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಎಷ್ಟೋ ಸಲ ನಾನೂ ತಲೆಯಾಡಿಸಿ ಸುಮ್ಮನಾಗಿದ್ದೇನೆ. ಅಂದು ಮಾತ್ರ ಏಕೋ ಇನ್ನೊಂದು ಪ್ರಶ್ನೆ ಕೇಳಬೇಕೆನಿಸಿತು. “ಆಯೀ, ನೀವು ಹುಟ್ಟಿದ್ದು ಯಾವಾಗ?” ಎಂದೆ. “ವರ್ಷ ಯಾರಿಗೆ ಗೊತ್ತು ರೀ. ಎಪ್ಪತ್ತೆರಡರ ಬರ ಬಿದ್ದಾಗ ನಾ ಅಂಬೆಗಾಲು ಇಡ್ತಿದ್ದೆ ಅಂತ ನಮ್ಮವ್ವ ಅಂತಿದ್ಲು” ಎಂದಳು.

1972ರ ಬರವನ್ನು ಬಲ್ಲವರಿಗೆ ಈ ಒಂದು ವಾಕ್ಯ ಸಾಕು. ಮರಾಠವಾಡದ ಅಂಚಿನಲ್ಲಿರುವ ನಮ್ಮ ತಾಲ್ಲೂಕುಗಳಲ್ಲಿ ಬಾವಿಗಳು ಬತ್ತಿ, ದನಕರುಗಳನ್ನು ಬಂದ ಬೆಲೆಗೆ ಕೊಟ್ಟು, ಜನ ಕಲ್ಲು ಒಡೆಯುವ ಕಾಮಗಾರಿಗೆ ಹೋದ ವರ್ಷ ಅದು. ತಾಯಿ ಕೆಲಸದಲ್ಲಿದ್ದಾಗ ಮನೆಯಲ್ಲಿ ಅಂಬೆಗಾಲಿಡುತ್ತಿದ್ದ ಕೂಸಿಗೆ ಏನು ಸಿಕ್ಕಿರಬಹುದು? ಆ ಅಜ್ಜಿಯ ಗಿಡ್ಡತನಕ್ಕೆ ವಂಶ ಎಷ್ಟು ಕಾರಣವೋ ನಾನರಿಯೆ; ಹಸಿವು ಕಾರಣವಾಗಿರುವ ಸಂಭವವಂತೂ ಬಹಳ. ಅವಳು ಗಿಡ್ಡಾಗಿ ಬೆಳೆದಳು, ಅವಳ ಹೊಟ್ಟೆಯಲ್ಲಿ ಮಗ ಸಣ್ಣ ಕೂಸಾಗಿ ಹುಟ್ಟಿದ, ಅವನೂ ಗಿಡ್ಡಾದ. ಎರಡು ತಲೆಮಾರು ಕಳೆಯುವಷ್ಟರಲ್ಲಿ ಬರಗಾಲದ ಕಥೆ ಮರೆತುಹೋಗಿ ‘ಮನೆತನ’ ಎಂಬ ಮಾತು ಉಳಿಯಿತು.

ಈ ಲೇಖನದಲ್ಲಿ ನಾನು ಹೇಳಬೇಕಾದದ್ದು ಇಷ್ಟೇ. ಐದು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ‘ಗಿಡ್ಡ ಮನೆತನ’ ಎಂಬ ಸಮಾಧಾನವನ್ನು ನಾವು ಬಿಡಬೇಕು. ಕೂಸಿನ ತೂಕವನ್ನು ಮಾತ್ರ ನೋಡದೆ ಉದ್ದವನ್ನೂ ಅಳೆಯಬೇಕು. ಆರು ತಿಂಗಳಿಂದ ಎರಡು ವರ್ಷದವರೆಗೆ ಅದರ ಬಟ್ಟಲಿಗೆ ಏನು ಬೀಳುತ್ತಿದೆ ಎಂಬುದರ ಮೇಲೆ ಮನೆಯ ಹಿರಿಯರು ಕಣ್ಣಿಡಬೇಕು. ಏಕೆಂದರೆ ಆ ಹದಿನೆಂಟು ತಿಂಗಳಲ್ಲಿ ಕಳೆದುಹೋದ ಎತ್ತರದ ಬಹುಪಾಲು ಮುಂದೆ ತಿರುಗಿ ಬರುವುದಿಲ್ಲ.

ವಂಶದ ಮಾತಿಗೆ ಮೊದಲು ಉತ್ತರ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯು 1997ರಿಂದ 2003ರವರೆಗೆ ಆರು ದೇಶಗಳಲ್ಲಿ ಮಕ್ಕಳ ಬೆಳವಣಿಗೆಯನ್ನು ಅಳೆಯಿಸಿತು. ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ ಮತ್ತು ನಮ್ಮ ಭಾರತ. ಭಾರತದ ಮಕ್ಕಳು ದಕ್ಷಿಣ ದೆಹಲಿಯವರು. ತಾಯಿಹಾಲು ಕುಡಿದ, ಸರಿಯಾದ ಆಹಾರ ಸಿಕ್ಕ, ಶುಚಿಯಾದ ಮನೆಯ, ತಾಯಿ ಬೀಡಿ ಸಿಗರೇಟು ಸೇದದ ಮಕ್ಕಳನ್ನೇ ಆರಿಸಿಕೊಂಡಿದ್ದರು. ಬಣ್ಣ, ಭಾಷೆ, ಊಟ ಎಲ್ಲವೂ ಬೇರೆ ಬೇರೆಯಾಗಿದ್ದರೂ ಐದು ವರ್ಷದವರೆಗೆ ಆ ಮಕ್ಕಳೆಲ್ಲ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬೆಳೆದರು. ಎತ್ತರದಲ್ಲಿ ಕಂಡುಬಂದ ವ್ಯತ್ಯಾಸದಲ್ಲಿ ದೇಶದಿಂದ ದೇಶಕ್ಕೆ ಇದ್ದ ಅಂತರದ ಪಾಲು ಶೇ. 3ರಷ್ಟು ಮಾತ್ರ. ಇದನ್ನು ಆಧರಿಸಿ 2006ರಲ್ಲಿ ಹೊರಬಂದ ಮಾನದಂಡವೇ ಇಂದು ತಾಯಿ ಕಾರ್ಡಿನಲ್ಲಿ ಹಸಿರು, ಹಳದಿ, ಕಿತ್ತಳೆ ಪಟ್ಟಿಗಳಾಗಿ ಅಚ್ಚಾಗಿರುವುದು. ಒಂದೊಂದು ಮನೆಯಲ್ಲಿ ತುಸು ಹೆಚ್ಚುಕಡಿಮೆ ಇರುವುದು ಸಹಜ; ಆದರೆ ಒಂದು ಓಣಿಯ ಮೂರರಲ್ಲಿ ಒಂದು ಕೂಸು ಆ ಪಟ್ಟಿಗಿಂತ ಕೆಳಗಿದ್ದರೆ ಅದನ್ನು ವಂಶವೆಂದು ಕರೆಯಲು ಬರುವುದಿಲ್ಲ. ದಕ್ಷಿಣ ಕೊರಿಯಾದ ಹೆಂಗಸರ ಸರಾಸರಿ ಎತ್ತರ ಒಂದು ಶತಮಾನದಲ್ಲಿ ಸುಮಾರು 20 ಸೆಂ.ಮೀ. ಏರಿತು. ಅಲ್ಲಿನ ಜನರ ವಂಶ ಬದಲಾಗಿರಲಿಲ್ಲ, ಊಟ ಮತ್ತು ನೀರು ಬದಲಾಗಿದ್ದವು.

ಮೂರರಲ್ಲಿ ಒಂದು ಎಂದು ನಾನು ಬಾಯಿಗೆ ಬಂದಂತೆ ಹೇಳಲಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ (2015–16) ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 36.2ರಷ್ಟು ಮಂದಿ ಕುಂಠಿತರು. ಐದನೆಯ ಸುತ್ತಿನಲ್ಲಿ (2019–21) ಶೇ. 35.4. ಅದೇ ಅವಧಿಯಲ್ಲಿ ಎತ್ತರಕ್ಕೆ ತಕ್ಕ ತೂಕವಿಲ್ಲದ ಕೃಶ ಮಕ್ಕಳ ಪ್ರಮಾಣ ಶೇ. 26.1ರಿಂದ 19.5ಕ್ಕೆ ಇಳಿಯಿತು. ಅಂದರೆ ಬಡಕಲು ಕೂಸುಗಳು ಕಡಿಮೆಯಾದವು, ಗಿಡ್ಡ ಕೂಸುಗಳು ಇದ್ದಷ್ಟೇ ಉಳಿದವು. ಕಲ್ಯಾಣ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಈ ಪ್ರಮಾಣ ರಾಜ್ಯದ ಸರಾಸರಿಗಿಂತ ಹೆಚ್ಚು. 2011ರ ಸುಮಾರಿಗೆ ರಾಯಚೂರು ಜಿಲ್ಲೆಯಲ್ಲಿ ಅಪೌಷ್ಟಿಕತೆಯಿಂದ ಮಕ್ಕಳು ಸತ್ತ ಸುದ್ದಿ ನಾಡನ್ನು ಕಲಕಿದಾಗ ಉಚ್ಚ ನ್ಯಾಯಾಲಯವು ನ್ಯಾಯಮೂರ್ತಿ ಎನ್.ಕೆ. ಪಾಟೀಲರ ನೇತೃತ್ವದಲ್ಲಿ ಸಮಿತಿಯೊಂದನ್ನು ರಚಿಸಿತ್ತು. ಆಗ ಎಲ್ಲರ ಕಣ್ಣಿಗೆ ಬಿದ್ದದ್ದು ಎಲುಬು ಕಾಣುವ ಮಕ್ಕಳು. ಅಂಥ ಕೂಸನ್ನು ಕಂಡರೆ ಯಾರ ಕರುಳಾದರೂ ಚುರ್ ಎನ್ನುತ್ತದೆ. ಗಿಡ್ಡ ಕೂಸು ಮಾತ್ರ ಆಡುತ್ತದೆ, ನಗುತ್ತದೆ, ಎಲ್ಲರ ತೊಡೆಯ ಮೇಲೂ ಕೂರುತ್ತದೆ. ಓಣಿಯ ಉಳಿದ ಕೂಸುಗಳೂ ಅಷ್ಟೇ ಇರುವುದರಿಂದ ಹೋಲಿಸಿ ನೋಡಲು ಯಾರೂ ಸಿಗುವುದಿಲ್ಲ.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ವೃತ್ತಿಯ ಮೊದಲ ಹತ್ತು ಹನ್ನೆರಡು ವರ್ಷ ನಾನು ಕೂಸನ್ನು ತಕ್ಕಡಿಯ ಮೇಲೆ ಮಲಗಿಸಿ, ತೂಕ ಬರೆದು, ಕಡಿಮೆಯಿದ್ದರೆ ಒಂದು ಟಾನಿಕ್ ಬರೆದುಕೊಟ್ಟು ಕಳಿಸುತ್ತಿದ್ದೆ. ನಾನಿದ್ದ ಆಸ್ಪತ್ರೆಯಲ್ಲಿ ಉದ್ದ ಅಳೆಯುವ ಹಲಗೆ ಬೀರುವಿನ ಹಿಂದೆ ಧೂಳು ತಿನ್ನುತ್ತಿತ್ತು. ಹಲಗೆಯ ಮೇಲೆ ಕೂಸನ್ನು ಮಲಗಿಸಲು ಇಬ್ಬರು ಬೇಕು: ಒಬ್ಬರು ತಲೆ ಹಿಡಿಯಬೇಕು, ಇನ್ನೊಬ್ಬರು ಮಂಡಿ ಒತ್ತಿ ಪಾದವನ್ನು ನೇರಮಾಡಬೇಕು, ಕೂಸು ಕಿರುಚುತ್ತದೆ, ಹೊರಗೆ ಸರತಿ ಬೆಳೆಯುತ್ತದೆ. ತಕ್ಕಡಿಯಾದರೆ ಅರ್ಧ ನಿಮಿಷ. ಆ ಆಲಸ್ಯದಿಂದ ಎಷ್ಟು ಮಕ್ಕಳ ಕುಂಠಿತ ಬೆಳವಣಿಗೆ ನನ್ನ ಕಣ್ಣೆದುರೇ ಹಾದುಹೋಯಿತೋ! ತಾಯಂದಿರು ಕೊಂಡೊಯ್ದ ಟಾನಿಕ್ಕಿನ ದುಡ್ಡಿನಲ್ಲಿ ಒಂದೊಂದು ಮನೆಗೆ ತಿಂಗಳಿಗಾಗುವಷ್ಟು ಹೆಸರುಬೇಳೆ ಬರುತ್ತಿತ್ತು.

ಕೂಸು ಬೆಳೆಯುವ ಲೆಕ್ಕವನ್ನು ಪ್ರತಿಯೊಂದು ಮನೆಯ ಅಜ್ಜಿಯೂ ತಿಳಿದಿರಬೇಕು. ಹುಟ್ಟಿದಾಗ ಸುಮಾರು 50 ಸೆಂ.ಮೀ. ಇರುವ ಕೂಸು ಒಂದೇ ವರ್ಷದಲ್ಲಿ 25 ಸೆಂ.ಮೀ. ಬೆಳೆಯುತ್ತದೆ. ಎರಡನೆಯ ವರ್ಷ 12 ಸೆಂ.ಮೀ. ಆಮೇಲೆ ವರ್ಷಕ್ಕೆ ಆರೇಳು ಸೆಂ.ಮೀ. ಅಷ್ಟೆ. ಐದು ತುಂಬಿದಾಗ ಸುಮಾರು 110 ಸೆಂ.ಮೀ. ಇರಬೇಕು. ತೂಕ ಹುಟ್ಟಿದಾಗಿನದಕ್ಕಿಂತ ಐದಾರು ತಿಂಗಳಿಗೆ ಇಮ್ಮಡಿ, ವರ್ಷಕ್ಕೆ ಮುಮ್ಮಡಿ. ತಲೆಯ ಸುತ್ತಳತೆ 34 ಸೆಂ.ಮೀ.ನಿಂದ ಒಂದು ವರ್ಷದೊಳಗೆ 45ನ್ನು ದಾಟುತ್ತದೆ; ಮುಂದಿನ ಇಡೀ ಬಾಳಿನಲ್ಲಿ ಅದು ಬೆಳೆಯುವುದು ಇನ್ನು ಹತ್ತು ಸೆಂ.ಮೀ. ಮಾತ್ರ. ಒಳಗಿನ ಮೆದುಳು ಎಷ್ಟು ಬೇಗ ಬೆಳೆಯುತ್ತದೆ ಎಂಬುದಕ್ಕೆ ಇದೇ ಗುರುತು. ಗರ್ಭದ 270 ದಿನ, ಮೊದಲ ವರ್ಷದ 365, ಎರಡನೆಯ ವರ್ಷದ 365 ಸೇರಿದರೆ ಸಾವಿರ ದಿನ. ಬೆಳವಣಿಗೆಯ ಓಟ ಇಷ್ಟು ವೇಗವಾಗಿರುವಾಗ ಆಹಾರ ತಪ್ಪಿದರೆ ಪೆಟ್ಟೂ ಅಷ್ಟೇ ದೊಡ್ಡದು.

ಆರು ತಿಂಗಳವರೆಗೆ ನಮ್ಮ ಹಳ್ಳಿಯ ತಾಯಂದಿರ ಬಗ್ಗೆ ನನಗೆ ಹೆಚ್ಚು ದೂರಿಲ್ಲ. ಹಾಲುಣಿಸುತ್ತಾರೆ. ಹುಟ್ಟಿದ ಕೂಡಲೇ ಜೇನು, ಸಕ್ಕರೆ ನೀರು ನೆಕ್ಕಿಸುವುದು ಇನ್ನೂ ಪೂರ್ತಿ ನಿಂತಿಲ್ಲ. ಮೊದಲ ಗಿಣ್ಣುಹಾಲನ್ನು ಹಿಂಡಿ ಚೆಲ್ಲುವ ರೂಢಿಯಂತೂ ಬಹಳ ಕಡಿಮೆಯಾಗಿದೆ. ತೊಡಕು ಶುರುವಾಗುವುದು ಆರನೆಯ ತಿಂಗಳ ಮೇಲೆ. ಆಗ ತಾಯಿಹಾಲೊಂದೇ ಸಾಲದು. ತಾಯಿಹಾಲಿನ ಜೊತೆಗೆ ಆರರಿಂದ ಎಂಟನೆಯ ತಿಂಗಳವರೆಗೆ ದಿನಕ್ಕೆ ಸುಮಾರು 200 ಕ್ಯಾಲರಿ, ಒಂಬತ್ತರಿಂದ ಹನ್ನೊಂದರವರೆಗೆ 300, ಎರಡನೆಯ ವರ್ಷದಲ್ಲಿ 550 ಕ್ಯಾಲರಿ ಬಟ್ಟಲಿನಿಂದ ಹೋಗಬೇಕು. ಗರ್ಭದಲ್ಲಿದ್ದಾಗ ಕೂಡಿಟ್ಟುಕೊಂಡ ಕಬ್ಬಿಣದ ಅಂಶವೂ ಅಷ್ಟರಲ್ಲಿ ತೀರಿರುತ್ತದೆ. ಈ ಹೊತ್ತಿನಲ್ಲೇ ಕೂಸು ನೆಲಕ್ಕಿಳಿದು, ಮಣ್ಣು ಬಾಯಿಗಿಟ್ಟು, ಭೇದಿ ಹಿಡಿಸಿಕೊಳ್ಳುತ್ತದೆ. ಈ ಹೊತ್ತಿನಲ್ಲೇ ತಾಯಿ ಹೊಲಕ್ಕೆ ಮರಳುತ್ತಾಳೆ.

ಮನೆಯಲ್ಲಿ ಆ ಕೂಸಿಗೆ ಸಿಗುವುದೇನು? ಗೋರ್ಟಾದ ಆ ಅಜ್ಜಿಯನ್ನು ಕೇಳಿದೆ. ಬೆಳಿಗ್ಗೆ ಚಹಾದಲ್ಲಿ ಅದ್ದಿದ ಎರಡು ಬಿಸ್ಕತ್ತು. ಮಧ್ಯಾಹ್ನ ಬ್ಯಾಳಿಯ ಮೇಲಿನ ತಿಳಿ ಕಟ್ಟಿನಲ್ಲಿ ನೆನೆಸಿದ ತುಸು ಅನ್ನ. ಸಂಜೆ ಹಟ ಮಾಡಿದರೆ ಐದು ರೂಪಾಯಿಯ ಕುರುಕಲು ಪೊಟ್ಟಣ. ರಾತ್ರಿ ನಿದ್ದೆಗಣ್ಣಿನಲ್ಲಿ ಒಂದು ಚೂರು ರೊಟ್ಟಿ. “ಬ್ಯಾಳಿ ಗಟ್ಟಿ ಇದ್ರ ಕೂಸಿಗಿ ಜಡ ಆಗ್ತದ ರೀ” ಎಂದಳು. ಎಂಟು ಕಿಲೋ ತೂಕದ ಕೂಸಿನ ಹೊಟ್ಟೆ ಹಿಡಿಯುವುದು ಒಂದು ಚಹಾ ಲೋಟಕ್ಕಿಂತ ತುಸು ಹೆಚ್ಚು, 240 ಮಿ.ಲೀ. ಅದನ್ನು ಕಟ್ಟಿನ ನೀರಿನಿಂದ ತುಂಬಿಸಿದರೆ ಹೊಟ್ಟೆ ತುಂಬಿತು, ಕೂಸು ಮಲಗಿತು. ಎಲುಬು ಬೆಳೆಯಲು ಬೇಕಾದದ್ದು ಪಾತ್ರೆಯ ತಳದಲ್ಲಿ ದೊಡ್ಡವರಿಗೆ ಉಳಿಯಿತು. ಇನ್ನು ಚಹಾ: ಅದು ಊಟದಲ್ಲಿರುವ ಅಷ್ಟಿಷ್ಟು ಕಬ್ಬಿಣವನ್ನೂ ಮೈಗೆ ಹತ್ತಗೊಡುವುದಿಲ್ಲ. ಕರ್ನಾಟಕದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು ಅದೇ ಐದನೆಯ ಸಮೀಕ್ಷೆ ಹೇಳುತ್ತದೆ.

ಇದು ತೊಗರಿ, ಉದ್ದು, ಹೆಸರು, ಕಡಲೆ ಬೆಳೆಯುವ ನಾಡು. ರಾಜ್ಯದಲ್ಲಿ ಸೋಯಾ ಅತಿ ಹೆಚ್ಚು ಬಿತ್ತುವ ಜಿಲ್ಲೆ ನಮ್ಮ ಬೀದರ. ಚೀಲಗಟ್ಟಲೆ ಕಾಳು ಬಸವಕಲ್ಯಾಣ, ಹುಮನಾಬಾದ್ ಮಾರುಕಟ್ಟೆಗಳಿಂದ ಲಾರಿ ಹತ್ತುತ್ತದೆ. ಅದನ್ನು ಬೆಳೆದವರ ಮನೆಯ ಅತಿ ಚಿಕ್ಕ ಬಾಯಿಗೆ ಬ್ಯಾಳಿಯ ತಿಳಿನೀರು! ಬಡತನ ಇದಕ್ಕೆ ಕಾರಣವಲ್ಲವೆಂದು ನಾನು ಹೇಳಲಾರೆ, ಬಡತನ ಇದೆ. ಆದರೆ ಎರಡೆತ್ತಿನ ಬೇಸಾಯದ, ಹಯನವಿರುವ, ಗಡಿಗೆ ತುಂಬ ಕಾಳಿರುವ ಮನೆಗಳಲ್ಲೂ ಇದೇ ಬಟ್ಟಲನ್ನು ಕಂಡಿದ್ದೇನೆ.

ಕಾಳಿನಿಂದ ಕೂಸು ಬೆಳೆದೀತೇ ಎಂದು ಅನುಮಾನವಿರುವವರಿಗೆ ದೂರದ ಉದಾಹರಣೆ ಬೇಕಿಲ್ಲ. ನಮ್ಮ ಗಡಿಯಾಚೆ, ಹೈದರಾಬಾದ್ ನಗರದ ಸುತ್ತಲಿನ 29 ಹಳ್ಳಿಗಳಲ್ಲಿ 1987ರಿಂದ 1990ರವರೆಗೆ ಒಂದು ಪ್ರಯೋಗ ನಡೆಯಿತು. ಅರ್ಧದಷ್ಟು ಹಳ್ಳಿಗಳಲ್ಲಿ ಬಸುರಿಯರಿಗೂ ಚಿಕ್ಕ ಮಕ್ಕಳಿಗೂ ಮೆಕ್ಕೆಜೋಳ ಮತ್ತು ಸೋಯಾ ಹಿಟ್ಟಿನ ಉಪ್ಪಿಟ್ಟು ದಿನಾಲೂ ಸಿಗುವಂತೆ ಮಾಡಲಾಯಿತು. ಉಳಿದ ಹಳ್ಳಿಗಳಿಗೆ ಆ ಸೌಲಭ್ಯ ಇನ್ನೂ ಬಂದಿರಲಿಲ್ಲ. ಹದಿನೈದು ವರ್ಷಗಳ ಮೇಲೆ ಆ ಮಕ್ಕಳು ಹರೆಯಕ್ಕೆ ಬಂದಾಗ ಮತ್ತೆ ಹುಡುಕಿ ಅಳೆದರು. ಉಪ್ಪಿಟ್ಟು ಸಿಕ್ಕ ಹಳ್ಳಿಯ ಮಕ್ಕಳು ಸರಾಸರಿ 14 ಮಿಲಿಮೀಟರ್ ಎತ್ತರವಿದ್ದರು. ಇನ್ಸುಲಿನ್ ಕೆಲಸ ಮಾಡುವ ರೀತಿಯೂ ಅವರಲ್ಲಿ ಚೆನ್ನಾಗಿತ್ತು. ಒಂದೂವರೆ ಸೆಂಟಿಮೀಟರೇ ಎಂದು ನಗಬೇಡಿರಿ. ಒಂದು ಬಟ್ಟಲು ಉಪ್ಪಿಟ್ಟು ಹದಿನೈದು ವರ್ಷಗಳ ಆಚೆಗೂ ಕಾಣುವ ಗುರುತು ಬಿಟ್ಟಿತ್ತು, ಅದೂ ಮಧುಮೇಹ ಮನೆಮನೆಯಲ್ಲಿ ಕಾಲಿಟ್ಟಿರುವ ಈ ದಿನಗಳಲ್ಲಿ. ಗ್ವಾಟೆಮಾಲಾ ಎಂಬ ದೂರದ ದೇಶದ ನಾಲ್ಕು ಹಳ್ಳಿಗಳಲ್ಲಿ 1969ರಿಂದ ಇಂಥದೇ ಪ್ರಯೋಗ ನಡೆದಿತ್ತು. ಅಲ್ಲಿ ಎರಡು ವರ್ಷ ತುಂಬುವವರೆಗೆ ಪುಷ್ಟಿಕರ ಗಂಜಿ ಸಿಕ್ಕ ಗಂಡುಮಕ್ಕಳು ದೊಡ್ಡವರಾದ ಮೇಲೆ ಗಂಟೆಗೆ ಗಳಿಸುವ ಕೂಲಿ ಉಳಿದವರಿಗಿಂತ ಶೇ. 46ರಷ್ಟು ಹೆಚ್ಚಿತ್ತು. ಮೂರು ವರ್ಷದ ಮೇಲೆ ಅದೇ ಗಂಜಿ ಸಿಕ್ಕವರಲ್ಲಿ ಆ ಲಾಭ ಕಾಣಲಿಲ್ಲ.

ಇನ್ನು ನಾವು ತಪ್ಪಿಸಿಕೊಳ್ಳಲಾಗದ ಒಂದು ಮಾತು. 2021ರ ಡಿಸೆಂಬರಿನಲ್ಲಿ ಬೀದರ ಸೇರಿದಂತೆ ಈ ಭಾಗದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ತೊಡಗಿದಾಗ, ತಿನ್ನದವರಿಗೆ ಬಾಳೆಹಣ್ಣು ಎಂದಾಗ, ನಾಡಿನ ಹಲವು ಮಠಗಳಿಂದ ವಿರೋಧ ಬಂತು. ಭಕ್ತರ ಮನೆಗಳಲ್ಲೂ ಬಿಸಿಬಿಸಿ ಚರ್ಚೆಯಾಯಿತು. ನಾನು ಹುಟ್ಟಿನಿಂದ ಶಾಕಾಹಾರಿ, ನನ್ನ ಮಕ್ಕಳು ಮೊಮ್ಮಕ್ಕಳೂ ಹಾಗೆಯೇ. ಆದರೂ ನನ್ನ ಅಭಿಪ್ರಾಯ ಬೇರೆ. ತಿನ್ನುವ ಮನೆಯ ಮಗುವಿನ ತಟ್ಟೆಗೆ ಮೊಟ್ಟೆ ಬಂದರೆ ನಾವು ಅಡ್ಡಬರಬಾರದು. ಅಷ್ಟು ಸುಲಭವಾಗಿ, ಅಷ್ಟು ಅಗ್ಗವಾಗಿ ಸಿಗುವ ಪುಷ್ಟಿ ಬೇರೆ ಇಲ್ಲ. ಇನ್ನೊಂದು ವಿಷಯ, ಆ ಗದ್ದಲದಲ್ಲಿ ಯಾರೂ ಗಮನಿಸದೆ ಹೋದದ್ದು: ಜಗಳವೆಲ್ಲ ಆರು ವರ್ಷ ದಾಟಿದ ಶಾಲೆಯ ಮಕ್ಕಳ ತಟ್ಟೆಯ ಕುರಿತು ನಡೆಯಿತು. ಎತ್ತರದ ಪ್ರಶ್ನೆ ಬಹುಮಟ್ಟಿಗೆ ತೀರ್ಮಾನವಾಗಿ ಹೋಗುವ ಮೊದಲೆರಡು ವರ್ಷದ ಕೂಸು ಆ ಪಂಕ್ತಿಯಲ್ಲಿ ಇರಲೇ ಇಲ್ಲ. ಅದರ ಬಟ್ಟಲಿನ ಹೊಣೆ ಪೂರ್ತಿಯಾಗಿ ನಮ್ಮ ಮನೆಯದು. ಮೊಟ್ಟೆ ಬೇಡವೆನ್ನುವ ಮನೆ ಅದರ ಬದಲಿಗೆ ಏನು ಕೊಡುತ್ತಿದ್ದೇವೆಂದು ಲೆಕ್ಕ ಕೊಡಬೇಕು.

ಲೆಕ್ಕ ಕೊಡುವುದು ಕಷ್ಟವೇನಲ್ಲ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವ ಭಜ್ಜಿಯನ್ನು ನೆನೆಯಿರಿ. ಹಸಿ ತೊಗರಿ, ಕಡಲೆ, ಅವರೆ, ಸೇಂಗಾ, ಮೆಂತೆ, ಪುಂಡಿ, ಬದನೆ, ಗಜ್ಜರಿ ಎಲ್ಲ ಸೇರಿ ಮೆತ್ತಗೆ ಬೆಂದ ಆ ಭಜ್ಜಿ, ಜೊತೆಗೆ ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ. ಖಾರವೊಂದನ್ನು ಬಿಟ್ಟರೆ ಒಂದು ವರ್ಷದ ಕೂಸಿಗೆ ಇದಕ್ಕಿಂತ ಒಳ್ಳೆಯ ಊಟವನ್ನು ಯಾವ ಪೌಷ್ಟಿಕತಜ್ಞರೂ ಬರೆದುಕೊಡಲಾರರು. ಕಾಳಿದೆ, ಸೊಪ್ಪಿದೆ, ಗಡ್ಡೆಯಿದೆ, ಸೇಂಗಾದ ಎಣ್ಣೆಯಂಶವಿದೆ, ಮಜ್ಜಿಗೆಯಿದೆ. ವರ್ಷಕ್ಕೊಮ್ಮೆ ಊರೆಲ್ಲ ಉಣ್ಣುವ ಇದರ ಸಾದಾ ರೂಪವನ್ನು ಕೂಸಿಗೆ ದಿನಾಲೂ ಮಾಡಬಹುದು: ಎರಡು ಪಾಲು ನುಚ್ಚು ಅಥವಾ ಅಕ್ಕಿ, ಒಂದು ಪಾಲು ಹೆಸರು ಇಲ್ಲವೆ ತೊಗರಿ ಬ್ಯಾಳಿ, ಒಂದು ಹಿಡಿ ಮೆಂತೆ ಅಥವಾ ನುಗ್ಗೆ ಸೊಪ್ಪು, ಮೆತ್ತಗೆ ಬೇಯಿಸಿ ಹಿಚುಕಿ, ಮೇಲೆ ಒಂದು ಚಮಚ ತುಪ್ಪ ಅಥವಾ ಎಣ್ಣೆ. ಒಂದು ಚಮಚ ತುಪ್ಪವೆಂದರೆ 45 ಕ್ಯಾಲರಿ. ಚಿಕ್ಕ ಹೊಟ್ಟೆಗೆ ಜಾಗ ಹಿಡಿಯದೆ ಬಲ ಕೊಡುವುದು ಅದೇ. ಎರಡು ಹನಿ ಲಿಂಬೆರಸ ಹಿಂಡಿದರೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತುತ್ತದೆ. ಚಮಚದಿಂದ ಎತ್ತಿದಾಗ ಜಾರಿ ಬೀಳದಷ್ಟು ಗಟ್ಟಿಯಿರಬೇಕು. ಆರನೆಯ ತಿಂಗಳಲ್ಲಿ ಎರಡು ಮೂರು ಚಮಚದಿಂದ ತೊಡಗಿ ವರ್ಷದ ಹೊತ್ತಿಗೆ ದಿನಕ್ಕೆ ಮೂರು ನಾಲ್ಕು ಸಲ ಮುಕ್ಕಾಲು ಬಟ್ಟಲಿಗೆ ಮುಟ್ಟಬೇಕು. ಹುರಿದು ಪುಡಿಮಾಡಿದ ಸೇಂಗಾ, ಎಳ್ಳು ಸೇರಿಸಬಹುದು; ಇಡೀ ಕಾಳನ್ನು ಮಾತ್ರ ಕೊಡಬೇಡಿರಿ, ಗಂಟಲಿಗೆ ಸಿಕ್ಕೀತು. ಸೋಯಾವನ್ನು ಹಸಿಯಾಗಿ ಅರೆದು ಹಾಕಬಾರದು, ಚೆನ್ನಾಗಿ ಹುರಿದು ಅಥವಾ ಬೇಯಿಸಿಯೇ ಬಳಸಬೇಕು. ಅಂಗನವಾಡಿಯಿಂದ ಬರುವ ‘ಪುಷ್ಟಿ’ ಪೊಟ್ಟಣ ದೊಡ್ಡ ಮಕ್ಕಳ ಪಾಲಾಗದೆ ಯಾರ ಹೆಸರಿನಲ್ಲಿ ಬಂದಿದೆಯೋ ಅದರ ಬಾಯಿಗೇ ಹೋಗಲಿ.

ಶಾಕಾಹಾರಿ ಮನೆಗಳು ವಿಶೇಷವಾಗಿ ಎಚ್ಚರವಹಿಸಬೇಕಾದ ಒಂದು ಅಂಶವಿದೆ: ಬಿ-12 ಎಂಬ ಜೀವಸತ್ವ. ಅದು ಕಾಳಿನಲ್ಲಿಲ್ಲ, ಸೊಪ್ಪಿನಲ್ಲಿಲ್ಲ. ನಮಗೆ ಸಿಗುವುದು ಹಾಲು, ಮೊಸರು, ಮಜ್ಜಿಗೆಯಿಂದ ಮಾತ್ರ. ತಾಯಿಯ ಮೈಯಲ್ಲಿ ಅದು ಬತ್ತಿದ್ದರೆ ಅವಳ ಎದೆಹಾಲಿನಲ್ಲೂ ಇರುವುದಿಲ್ಲ. ಎಂಟು ಹತ್ತು ತಿಂಗಳ ಕೂಸು ಕಲಿತ ನಗುವನ್ನೇ ಮರೆತು, ಕೂರುತ್ತಿದ್ದುದು ಒರಗಿ, ಕೂದಲು ಕೆಂಚಾಗಿ ಉದುರಿ, ಕೈಕಾಲು ನಡುಗುವ ಸ್ಥಿತಿಗೆ ಬಂದದ್ದನ್ನು ನಾನು ಹಲವು ಸಲ ಕಂಡಿದ್ದೇನೆ. ಎಲ್ಲವೂ ಒಳ್ಳೆಯ ಆಚಾರವಂತ ಮನೆಗಳೇ. ಸೂಜಿಮದ್ದಿನಿಂದ ಕೆಲವೇ ದಿನಗಳಲ್ಲಿ ಅಂಥ ಕೂಸು ಮತ್ತೆ ಕಣ್ಣರಳಿಸುತ್ತದೆ. ತಡಮಾಡಿದರೆ ಪೂರ್ತಿ ಸರಿಹೋಗುವ ಭರವಸೆಯಿಲ್ಲ. ವಿಚಾರಿಸಿದರೆ ಮನೆಯಲ್ಲಿ ಎರಡು ಎಮ್ಮೆ ಇರುತ್ತವೆ. ಹಾಲು ಡೇರಿಗೆ, ಚಹಾಕ್ಕೆ, ಗಂಡಸರ ಊಟದ ಮೊಸರಿಗೆ ಹಂಚಿಹೋಗಿರುತ್ತದೆ. ಬಾಣಂತಿಗೆ ಉಳಿಯುವುದು ಚಹಾದಲ್ಲಿರುವ ನಾಲ್ಕು ಹನಿ.

ಬಾಣಂತಿಯ, ಬಸುರಿಯ ಊಟದ ಬಗ್ಗೆ ಬೇರೆ ಲೇಖನವೇ ಬೇಕು. ಇಲ್ಲಿ ಇಷ್ಟು ಸಾಕು: ಕೂಸು ದೊಡ್ಡದಾದರೆ ಹೆರಿಗೆ ಕಷ್ಟವೆಂದು ಬಸುರಿಗೆ ಊಟ ಕಡಿಮೆ ಮಾಡುವ ಮನೆ, ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸನ್ನು ತಾನೇ ಬರಮಾಡಿಕೊಳ್ಳುತ್ತದೆ. 2017ರಿಂದ ‘ಮಾತೃಪೂರ್ಣ’ ಯೋಜನೆಯಲ್ಲಿ ಅಂಗನವಾಡಿಯಲ್ಲಿ ಬಸುರಿಯರಿಗೂ ಬಾಣಂತಿಯರಿಗೂ ಬಿಸಿಯೂಟವಿದೆ. ಮರ್ಯಾದಸ್ಥ ಮನೆತನದ ಸೊಸೆ ಅಲ್ಲಿ ಹೋಗಿ ಉಣ್ಣುವುದೇ ಎಂದು ತಡೆಯುವ ಅತ್ತೆಯಂದಿರಿದ್ದಾರೆ. ದಾಸೋಹದ ಪಂಕ್ತಿಯಲ್ಲಿ ಕೂತು ಉಣ್ಣಲು ಹಿಂಜರಿಯದ ನಮಗೆ ಇದೆಂಥ ಮರ್ಯಾದೆಯೋ ತಿಳಿಯದು.

ಭೇದಿಯಾದಾಗ ಊಟ ನಿಲ್ಲಿಸುವುದು ಇನ್ನೊಂದು ಕೆಟ್ಟ ರೂಢಿ. ತಾಯಿಹಾಲು, ಓ.ಆರ್.ಎಸ್., ಹದಿನಾಲ್ಕು ದಿನ ಸತುವಿನ ಮಾತ್ರೆ, ಮೆತ್ತನೆಯ ಊಟ, ಯಾವುದೂ ನಿಲ್ಲಬಾರದು. ಗುಣವಾದ ಮೇಲೆ ಎರಡು ವಾರ ಒಂದು ಸಲ ಹೆಚ್ಚಿಗೆ ಉಣಿಸಬೇಕು. ಮೇಲಿಂದ ಮೇಲೆ ಭೇದಿಯಾಗುವ ಕೂಸಿನ ಕರುಳು ಉಂಡದ್ದನ್ನು ಹೀರಿಕೊಳ್ಳುವುದಿಲ್ಲ. ಉಣಿಸುವವರ ಕೈಗೆ ಸಾಬೂನು ಬೇಕು, ಕೂಸು ಆಡುವ ಅಂಗಳಕ್ಕೆ ಸೆಗಣಿ ಗಂಜಳ ಹರಿಯಬಾರದು.

ಹೊಲಕ್ಕೆ ಹೋಗುವ ತಾಯಿಯನ್ನು ದೂರುವುದು ಸುಲಭ. ಸೋಯಾ ಕಳೆ ತೆಗೆಯುವ ದಿನಗಳಲ್ಲಿ ಬೆಳಿಗ್ಗೆ ಹೋದವಳು ಸಂಜೆ ಬರುತ್ತಾಳೆ. ಅಷ್ಟು ಹೊತ್ತು ಕೂಸು ಏಳೆಂಟು ವರ್ಷದ ಅಕ್ಕನ ಸೊಂಟದ ಮೇಲೆ. ಆ ಅಕ್ಕನಿಗೆ ತಿಳಿದಿರುವುದು ಬಿಸ್ಕತ್ತು. 2023ರಲ್ಲಿ ರಾಜ್ಯ ಸರ್ಕಾರ ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ಆರಂಭಿಸಿತು. ಕೂಲಿಗೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ. ತಮ್ಮೂರಿನಲ್ಲಿ ಅದು ನಡೆಯುತ್ತಿದೆಯೇ, ಅಲ್ಲಿ ಕೂಸುಗಳಿಗೆ ಏನು ಉಣಿಸುತ್ತಾರೆ ಎಂದು ಪಂಚಾಯತಿಯಲ್ಲಿ ಕೇಳುವ ಹಕ್ಕು ಭಕ್ತರೆಲ್ಲರಿಗೂ ಇದೆ.

ಶ್ರೀಮಠದ ಮುಂದೆಯೂ ಒಂದು ಬಿನ್ನಹ. ಜಾತ್ರೆಯ ಶಿಬಿರದಲ್ಲಿ ದೊಡ್ಡವರ ರಕ್ತದೊತ್ತಡ, ಸಕ್ಕರೆಗಳನ್ನು ಅಳೆಯುವ ಮೇಜಿನ ಪಕ್ಕ ಒಂದು ಉದ್ದ ಅಳೆಯುವ ಹಲಗೆಯೂ ಇರಲಿ, ಹಿಡಿಯಲು ಇಬ್ಬರು ತರಬೇತಾದ ತಾಯಂದಿರಿರಲಿ. ಎರಡು ವರ್ಷದೊಳಗಿನ ಕೂಸನ್ನು ಮಲಗಿಸಿ, ಮೇಲಿನವರನ್ನು ನಿಲ್ಲಿಸಿ ಅಳೆದು ತಾಯಿ ಕಾರ್ಡಿನಲ್ಲಿ ಬರೆಯಲಿ. ಅಳತೆಯ ತೋಳುಪಟ್ಟಿಯಲ್ಲಿ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಬಂದ ಕೂಸನ್ನು ಅಂದೇ ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಲಿ. ಹದಿನೆಂಟು ತಿಂಗಳಾದರೂ ಹೆಜ್ಜೆಯಿಡದ ಕೂಸನ್ನು, ‘ಇವರಪ್ಪನೂ ತಡವಾಗಿ ನಡೆದಿದ್ದ’ ಎಂದು ಮನೆಯಲ್ಲಿಟ್ಟುಕೊಳ್ಳದೆ ತೋರಿಸಲಿ. ತೊಟ್ಟಿಲ ಶಾಸ್ತ್ರಕ್ಕೆ ಬೆಳ್ಳಿ ಕಡಗದ ಜೊತೆ ಒಂದು ಚಿಕ್ಕ ಬಟ್ಟಲು, ಒಂದು ಚಮಚ ಉಡುಗೊರೆ ಕೊಡುವ ರೂಢಿ ಬಂದರೆ ಇನ್ನೂ ಸಂತೋಷ. ಕೂಸಿಗೆ ಅದರದೇ ಬಟ್ಟಲಿದ್ದರೆ ಎಷ್ಟು ಉಂಡಿತೆಂಬುದು ತಿಳಿಯುತ್ತದೆ, ದೊಡ್ಡವರ ತಾಟಿನಂಚಿನಲ್ಲಿ ಕೂತು ಉಂಡರೆ ತಿಳಿಯುವುದಿಲ್ಲ.

ಗೋರ್ಟಾದ ಆ ಮೊಮ್ಮಗಳು ಮೂರು ತಿಂಗಳ ಮೇಲೆ ಮತ್ತೆ ಬಂದಳು. ಎತ್ತರ 80.5 ಆಗಿತ್ತು. ಕಳೆದದ್ದೆಲ್ಲ ಅವಳಿಗೆ ಮರಳಿ ಸಿಗಲಾರದು. ಇನ್ನಷ್ಟು ಹಿಂದೆ ಬೀಳುವುದು ನಿಂತಿದೆ, ಚಹಾ ನಿಂತಿದೆ, ವಾರಕ್ಕೆ ಎರಡು ಸಲ ಕಬ್ಬಿಣದ ಸಿರಪ್ ಕುಡಿಯುತ್ತಾಳೆ. ಅಜ್ಜಿಯ ಹಿಂದೆ ಸೊಸೆಯೂ ನಿಂತಿದ್ದಳು, ಐದು ತಿಂಗಳ ಬಸುರಿ. ಮನೆಯಲ್ಲಿ ಹಯನವೆಷ್ಟು ಎಂದು ಕೇಳಿದೆ. ಹೊತ್ತಿಗೆ ಐದು ಲೀಟರ್, ಎಲ್ಲವೂ ಡೇರಿಗೆ ಎಂದರು. ಸೊಸೆಗೆ ದಿನಕ್ಕೆ ಅರ್ಧ ಲೀಟರ್ ಹಾಲು ಮೊಸರು ಬೇಕು, ಹೆರಿಗೆಯಾದ ಮೇಲೂ ಬೇಕು ಎಂದೆ. ಅಜ್ಜಿ ಸೊಸೆಯ ಮುಖ ನೋಡಿದಳು, ಮೊಮ್ಮಗಳನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿದಳು. “ಹಂಗಾದ್ರ ಡೇರಿಗಿ ಒಂದು ಲೀಟರ್ ಕಮ್ಮಿ ಹಾಕ್ತೀವಿ ಬಿಡ್ರಿ” ಎಂದಳು.